ಕೋಟೆ ಉಳಿಸ್ತೇವೆ ಅನ್ನುವ ಅಭ್ಯರ್ಥಿಗಳಿಗೆ ಏನು ಕೇಳಬೇಕು?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಪಳ್ಳಿಕ್ಕರೆಯಿಂದ): ಅಕ್ಕ, ನೀವು ಹಳೆ ಕಟ್ಟಡಗಳ ದುರಸ್ತಿ ಮಾಡಿಸುವ ಆರ್ಕಿಟೆಕ್ಟ್ ಅಲ್ವಾ, ಅದಕ್ಕೇ ಕೇಳ್ತಾ ಇದ್ದೇನೆ. ವಿಧಾನಸಭೆಗೆ ನಿಂತವರೆಲ್ಲ ಮನೆಗೆ ಬಂದು ‘ಬೇಕಲ ಕೋಟೆ ಅಭಿವೃದ್ಧಿ ಮಾಡ್ತೇವೆ’ ಅಂತಾರೆ. ಒಬ್ಬರಂತೂ ಕೋಟೆ ಹತ್ತಿರ ಮನೆ ಕಟ್ಟಲು ಅಡ್ಡಿಯಾಗಿರುವ 100 ಮೀಟರ್ ನಿಯಮವನ್ನೇ ತೆಗೆಸ್ತೇನೆ ಅಂದರು. ನಂಬಬಹುದಾ?

ಉತ್ತರ: ಆ ಕೊನೆಯ ಮಾತನ್ನು ನಂಬಬೇಡಿ. ಬೇಕಲ ಕೋಟೆ ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಕೈಯಲ್ಲಿದೆ. 100 ಮೀಟರ್ ಒಳಗೆ ಹೊಸದಾಗಿ ಕಟ್ಟಬಾರದು, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು ಅನ್ನುವುದು ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಸಂಸತ್ತು ಮಾಡಿದ ತಿದ್ದುಪಡಿಯಲ್ಲಿದೆ. ಶಾಸಕರು ಅದನ್ನು ಬದಲಿಸಲಿಕ್ಕಾಗುವುದಿಲ್ಲ. ನಿಮ್ಮ ಮನೆ 1992ರ ಜೂನ್ 16ಕ್ಕಿಂತ ಹಳೆಯದಾದರೆ ದುರಸ್ತಿಗೆ ಅರ್ಜಿ ಹಾಕಲು ಈಗಲೇ ದಾರಿ ಇದೆ. ಅದನ್ನು ಮಾಡಿಸಿಕೊಡ್ತೀರಾ ಅಂತ ಕೇಳಿ.

ನಮ್ಮ ಜಿಲ್ಲೆಯದ್ದೇ ಆದ ಚಂದ್ರಗಿರಿ ಕೋಟೆಯ ಕಥೆ ಬೇರೆ. ಎರಡೂ ಕೋಟೆಗೆ ನಾವು ಹೇಳುವುದು ಕೆಳದಿ ಶಿವಪ್ಪ ನಾಯಕನ ಹೆಸರನ್ನೇ, ಆದರೆ ಚಂದ್ರಗಿರಿಯದ್ದು ರಾಜ್ಯ ಪುರಾತತ್ವ ಇಲಾಖೆಗೆ ಸೇರಿದ್ದು. ಅಲ್ಲಿಗೆ ದುಡ್ಡು ಬರುವುದು ರಾಜ್ಯದ ಬಜೆಟ್‌ನಿಂದ, ಹಾಗಾಗಿ ಶಾಸಕರ ಮಾತಿಗೆ ನಿಜವಾಗಿ ಬೆಲೆ ಇರುವುದು ಅಲ್ಲೇ.

ಇನ್ನು ‘ಅಭಿವೃದ್ಧಿ’ ಅಂದ ಕೂಡಲೇ ನನಗೆ ಭಯ ಆಗ್ತದೆ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಮಳೆಗಾಲದಲ್ಲಿ ನೀರು ಹೀರಿ ಬಿಸಿಲಿಗೆ ಬಿಡುತ್ತದೆ, ಸುಣ್ಣದ ಗಾರೆ ಅದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟ್ ಮೆತ್ತಿದಿರೋ, ನೀರು ಒಳಗೇ ನಿಂತು ಕಲ್ಲಿನ ಮುಖ ಪುಡಿಪುಡಿಯಾಗಿ ಉದುರುತ್ತದೆ, ಮೇಲಿನಿಂದ ನೋಡಿದರೆ ಗೋಡೆ ಚೆನ್ನಾಗೇ ಕಾಣ್ತಾ ಇರುತ್ತದೆ. ಬಣ್ಣದ ದೀಪ, ಟೈಲ್ಸ್ ಹಾಕಿದ ಕಾಲುದಾರಿ ಇದಕ್ಕೆಲ್ಲ ಉದ್ಘಾಟನೆ ಇರುತ್ತದೆ. ಪ್ರತಿ ವರ್ಷ ಮಳೆಗೆ ಮುಂಚೆ ಗೋಡೆ ಸಂದಿನಲ್ಲಿ ಹುಟ್ಟುವ ಗೋಳಿ (ಆಲ) ಗಿಡ ತೆಗೆಸಿ, ನೀರು ಹೋಗುವ ತೋಡು ಬಿಡಿಸುವುದಕ್ಕೆ ಇರುವುದಿಲ್ಲ. ಹಾಗಾಗಿ ನಾನು ಕೇಳುವುದು ಒಂದೇ: ವರ್ಷ ವರ್ಷದ ನಿರ್ವಹಣೆಗೆ ದುಡ್ಡು ಎಲ್ಲಿಂದ ತರ್ತೀರಿ? ಇದಕ್ಕೆ ಉತ್ತರ ಕೊಡುವವರು ವಿಷಯ ತಿಳಿದುಕೊಂಡೇ ಬಂದಿದ್ದಾರೆ.

ಪ್ರಶ್ನೆ (ಮಂಜೇಶ್ವರದಿಂದ): ಕೋಟೆ ಬಿಡಿ ಅಕ್ಕ, ನಮ್ಮ ತರವಾಡು ಮನೆ, ಅಂದರೆ ಕುಟುಂಬದ ಹಳೆ ಮೂಲಮನೆ, ಸ್ಮಾರಕಗಳ ಯಾವ ಪಟ್ಟಿಯಲ್ಲೂ ಇಲ್ಲ. ‘ಸ್ಮಾರಕ ಮಾಡಿಸ್ತೇನೆ’ ಅಂತಾರೆ ಒಬ್ಬರು. ಒಪ್ಪಲಾ?

ಉತ್ತರ: ಅವಸರ ಬೇಡ. ಕೇರಳದಲ್ಲಿ ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ 1968ರ ಕಾಯ್ದೆ ಇದೆ. ಅದರಡಿ ಘೋಷಣೆ ಆದರೆ ರಕ್ಷಣೆ ಸಿಗುತ್ತದೆ, ಜೊತೆಗೆ ಮನೆಯವರಿಗೂ ಕಟ್ಟುಪಾಡು ಬರುತ್ತದೆ. ಒಂದು ಬಾಗಿಲು ಒಡೆಯುವುದಕ್ಕೂ ಕೇಳಬೇಕಾದೀತು. ಮನೆಯ ದೈವಕ್ಕೆ ಮೀಸಲಾದ ಭೂತದ ಕೋಣೆ ಇದ್ದರೆ, ದೈವಕ್ಕೆ ನಡೆಸುವ ನೇಮ ಕಟ್ಟಳೆಗೆ ತೊಂದರೆ ಬರದ ಹಾಗೆ ಷರತ್ತು ಬರೆಸಬಹುದಾ ಅಂತ ಕುಟುಂಬದವರೆಲ್ಲ ಕೂತು ಮೊದಲೇ ಮಾತಾಡಿ. ಆ ಅಭ್ಯರ್ಥಿಯ ಹತ್ತಿರ, ಮನೆ ಉಳಿಸಿಕೊಂಡವರಿಗೆ ಸುಣ್ಣ, ಮರ, ಹಂಚಿನ ಖರ್ಚಿಗೆ ಸಹಾಯಧನ ಕೊಡಿಸುವ ಯೋಚನೆ ಇದೆಯಾ ಕೇಳಿ. ಇದೆ ಅಂದರೆ ಪ್ರಣಾಳಿಕೆಯಲ್ಲಿ ಹಾಕಿ ಅನ್ನಿ.