ಸಹಾಯ ಬೇಕು: 'ಬ್ಯಾಂಕ್' ಒಂದೇ ನಮೂದೋ, ಮೂರೋ?

ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯ ಕನ್ನಡ ಮಕ್ಕಳಿಗೆ ಇಂಗ್ಲಿಷ್-ಕನ್ನಡ ಪದಕೋಶ ಮಾಡ್ತಿದ್ದೇವೆ. ಮೂಲ ಬೇರೆಯಾದರೆ ನಮೂದೂ ಬೇರೆ, ಮೂಲ ಒಂದೇ ಆದರೆ ಒಂದೇ ನಮೂದು, ಇದು ನಿಯಮ. 'ಡೇಟ್' ಸುಲಭವಾಗಿ ಮುಗೀತು: ದಿನಾಂಕದ್ದು 'ಕೊಟ್ಟದ್ದು' ಅನ್ನೋ ಲ್ಯಾಟಿನ್ ಪದ, ಖರ್ಜೂರದ್ದು 'ಬೆರಳು' ಅನ್ನೋ ಗ್ರೀಕ್ ಪದ. ಹಾಗಾಗಿ ಎರಡು ನಮೂದು.

ಸಿಕ್ಕಿಕೊಂಡಿರೋದು 'ಬ್ಯಾಂಕ್' ಹತ್ತಿರ. ನದಿಯ ದಡ ಅನ್ನೋ ಅರ್ಥ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದದ್ದು. ಹಣದ ಬ್ಯಾಂಕು ಇಟಾಲಿಯನ್ 'ಬಾಂಕಾ', ಅಂದರೆ ಹಣ ಬದಲಿಸುವವರ ಮೇಜು. ಲಿಫ್ಟುಗಳ ಸಾಲಿಗೆ ಹೇಳೋ 'ಬ್ಯಾಂಕ್' ಹಳೆ ಫ್ರೆಂಚಿನದು, ಮೂಲಾರ್ಥ ಬೆಂಚು. ಆದರೆ ಇನ್ನೂ ಹಿಂದಕ್ಕೆ ಹೋದರೆ ಮೂರಕ್ಕೂ ಒಂದೇ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಸೇರಿರೋ ಭಾಷಾ ಕುಟುಂಬ) ಬೇರು. ಇಟಾಲಿಯನ್, ಫ್ರೆಂಚ್ ಎರಡೂ ಅಲ್ಲಿಂದಲೇ ಎರವಲು ಪಡೆದಿವೆ. ಇಂಗ್ಲಿಷಿನ 'ಬೆಂಚ್' ಕೂಡ ಅದೇ ಬೇರಿನದು!

ಮೆರಿಯಮ್-ವೆಬ್‌ಸ್ಟರ್ ಅನ್ನೋ ಇಂಗ್ಲಿಷ್ ನಿಘಂಟು ನೋಡಿದ್ವಿ, ಅಲ್ಲಿ ಬೇರೆ ಬೇರೆ ನಮೂದುಗಳಿವೆ. ಹಾಗೆ ಮಾಡಿದ್ರೆ ನಮ್ಮ ನಿಯಮ ಮುರಿಯುತ್ತೆ. ಒಟ್ಟಿಗೆ ಹಾಕಿದ್ರೆ ನದಿ ದಡದ ಕೆಳಗೇ ಖಾತೆ, ಠೇವಣಿ ಬಂದು ಮಕ್ಕಳು ತಬ್ಬಿಬ್ಬಾಗ್ತಾರೆ.

ನಿಘಂಟಿನ ಕೆಲಸ ಗೊತ್ತಿರೋರು ದಯವಿಟ್ಟು ಹೇಳಿ: 'ಮೂಲ' ಅಂದರೆ ಪದ ಇಂಗ್ಲಿಷಿಗೆ ಬಂದ ದಾರಿಯನ್ನ ಲೆಕ್ಕಕ್ಕೆ ತಗೋಬೇಕಾ, ಇಲ್ಲಾ ಮೊದಲ ಬೇರನ್ನಾ? ಯಾಕೆ?