ಜಿ.ಎನ್.ಎಂ. ಆದ ಮೇಲೆ ಯಾವ ದಾರಿ: ಬಡ್ತಿ, ಬೋಧನೆ, ನರ್ಸ್ ಪ್ರಾಕ್ಟೀಷನರ್?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ವಿರಾಜಪೇಟೆ ಕಡೆಯವಳು. ಜಿ.ಎನ್.ಎಂ. (ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿ ಸೇವೆಯ ಡಿಪ್ಲೊಮಾ) ಮುಗಿಸಿ ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಹಿರಿತನದ ಮೇಲೆ ಬಡ್ತಿ ಬರುವವರೆಗೆ ಕಾಯಲೇ, ಓದು ಮುಂದುವರಿಸಿ ಪಾಠ ಹೇಳಲು ಹೋಗಲೇ, ಅಥವಾ ಈಗ ಎಲ್ಲರೂ ಮಾತನಾಡುತ್ತಿರುವ ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ಪಡೆದು ಹೆಚ್ಚಿನ ಹೊಣೆ ಹೊರುವ ನರ್ಸ್) ದಾರಿ ಹಿಡಿಯಲೇ ಎಂಬುದು ತೋಚುತ್ತಿಲ್ಲ. ಆ ಕೋರ್ಸ್ ಮಾಡಿದರೆ ನಾನೇ ಔಷಧ ಬರೆಯಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹಲವರು ಈ ಆಸೆಯಿಂದಲೇ ಕೋರ್ಸ್ ಸೇರಿ ನಿರಾಶರಾಗುತ್ತಾರೆ. ನಮ್ಮ ದೇಶದಲ್ಲಿ ನರ್ಸ್ ತನ್ನಷ್ಟಕ್ಕೆ ಔಷಧ ಬರೆಯುವ ಸಾಮಾನ್ಯ ಅಧಿಕಾರವಿಲ್ಲ. ಆಸ್ಪತ್ರೆಯು ಒಪ್ಪಿದ ಲಿಖಿತ ನಿಯಮಗಳ ಒಳಗೆ, ವೈದ್ಯರ ಜೊತೆಗೂಡಿ ನಿರ್ಧಾರ ಕೈಗೊಳ್ಳುವುದಷ್ಟೇ ಸಾಧ್ಯ. ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟೀಷನರ್ ಕೋರ್ಸ್ 2 ವರ್ಷದ ಸ್ನಾತಕೋತ್ತರ ತರಬೇತಿಯಾದ್ದರಿಂದ ನೀವು ಮೊದಲು ಪೋಸ್ಟ್ ಬೇಸಿಕ್ ಬಿ.ಎಸ್ಸಿ. (ಡಿಪ್ಲೊಮಾ ಆದವರು ಮಾಡುವ ನರ್ಸಿಂಗ್ ಪದವಿ) ಮುಗಿಸಬೇಕಾಗುತ್ತದೆ. ನಿಮ್ಮ ಅನುಭವಕ್ಕೆ ಇನ್ನೂ ಹತ್ತಿರವಾದದ್ದು 2018ರ ಕೇಂದ್ರ ಮಾರ್ಗಸೂಚಿಯ ನಂತರ ಬಂದ, 18 ತಿಂಗಳ ಸೂಲಗಿತ್ತಿ ಸೇವೆಯ ನರ್ಸ್ ಪ್ರಾಕ್ಟೀಷನರ್ ತರಬೇತಿ. ತೊಡಕಿಲ್ಲದ ಹೆರಿಗೆಯನ್ನು ಸ್ವಂತ ಹೊಣೆಯಲ್ಲಿ ನಡೆಸಬಲ್ಲವರನ್ನು ತಯಾರು ಮಾಡುವುದು ಅದರ ಗುರಿ. ನನ್ನ ಒಲವು ಸ್ಪಷ್ಟವಾಗಿ ಅದರ ಕಡೆಗಿದೆ.

ನಾಯಕತ್ವಕ್ಕಾಗಿ ಬಡ್ತಿಯನ್ನು ಕಾಯಬೇಕಾಗಿಲ್ಲ. ರಾತ್ರಿ ಪಾಳಿಯಲ್ಲಿ ವೈದ್ಯರಿಗೆ ಫೋನ್ ಮಾಡಿ "ಬಾಣಂತಿಗೆ ಸುಸ್ತಾಗಿದೆ" ಎನ್ನುವುದಕ್ಕೂ, "ಹೆರಿಗೆಯಾಗಿ 3 ಗಂಟೆಯಾಯಿತು, ನಾಡಿ 96ರಿಂದ 124ಕ್ಕೆ ಏರಿದೆ, ಮೂತ್ರ ಗಂಟೆಗೆ 20 ಮಿ.ಲೀ.ಗೆ ಇಳಿದಿದೆ, ಗರ್ಭಕೋಶ ಮೆತ್ತಗಿದೆ, ರಕ್ತಸ್ರಾವದ ಅನುಮಾನವಿದೆ, ತಾವು ಈಗಲೇ ಬರಬೇಕು" ಎನ್ನುವುದಕ್ಕೂ ಇರುವ ಅಂತರವೇ ನಾಯಕತ್ವದ ಆರಂಭ. ಇಡೀ ವಾರ್ಡ್ ಹೀಗೆ ವರದಿ ಮಾಡುವಂತೆ ಕಿರಿಯರನ್ನು ತಿದ್ದಿದರೆ, ಅಧೀಕ್ಷಕರ ಕುರ್ಚಿಯಲ್ಲಿ ಕೂರದೆಯೇ ನೀವು ಮುಂದಾಳು.

ನರ್ಸಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆಗಳಿಗೆ ಎಂ.ಎಸ್ಸಿ. ಬೇಕು. ಪಾಠ ಹೇಳುವವರು ರೋಗಿಯ ಹಾಸಿಗೆಯಿಂದ ದೂರವಾದಂತೆ ಪಾಠವೂ ಸೊರಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಕಾಲೇಜು ಸೇರಿದರೂ ವಾರ್ಡನ್ನು ಬಿಡಬೇಡಿ.

ಪ್ರಶ್ನೆ: ಮೇಡಂ, ಸೋಮವಾರಪೇಟೆ ಕಡೆ ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ ಬ್ರದರ್ (ಪುರುಷ ನರ್ಸ್) ಒಬ್ಬ ನಾನು. ನಮ್ಮ ಕೆಲಸವೂ ನರ್ಸ್ ಪ್ರಾಕ್ಟೀಷನರ್‌ನಂಥ ಉನ್ನತ ನರ್ಸಿಂಗ್ ಸೇವೆಯಲ್ಲಿ ಸೇರುತ್ತದೆಯೇ?

ಉತ್ತರ: ಅಂತರರಾಷ್ಟ್ರೀಯ ನರ್ಸಿಂಗ್ ಮಂಡಳಿಯ 2020ರ ಮಾರ್ಗಸೂಚಿಯ ಪ್ರಕಾರ ಅಂಥ ಸೇವೆಗೆ ಸ್ನಾತಕೋತ್ತರ ಪದವಿ ಕನಿಷ್ಠ ಅರ್ಹತೆ ಎನಿಸಿರುವುದರಿಂದ, ಕಾಗದದ ಮೇಲೆ ಸೇರುವುದಿಲ್ಲ. ಆದರೂ 1965ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ವೈದ್ಯ ಹೆನ್ರಿ ಸಿಲ್ವರ್ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದ್ದು ವೈದ್ಯರ ಸೇವೆ ಸಾಲದೆ ಹೋದ ಮಕ್ಕಳಿಗಾಗಿ ಎಂಬುದನ್ನು ನೆನೆದರೆ, ಅದೇ ಕೊರತೆಯನ್ನು ತುಂಬುತ್ತಿರುವವರು ನೀವು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ ಸುಮಾರು 3000 ಜನರಿಗೆ ಒಂದು ಉಪಕೇಂದ್ರವೆಂಬುದು ನಿಯಮ. ಮಳೆಗಾಲದಲ್ಲಿ ರಸ್ತೆ ಕುಸಿದು ಮಡಿಕೇರಿ ತಲುಪಲಾಗದ ದಿನ, ತೋಟದ ಲೈನ್ ಮನೆಯ ಕಾರ್ಮಿಕರಿಗೂ ಹಾಡಿಯ (ಬುಡಕಟ್ಟು ವಸತಿಯ) ಜನರಿಗೂ ನೀವೇ ಮೊದಲ ಆಸರೆ. 30 ದಾಟಿದವರ ರಕ್ತದೊತ್ತಡ, ಸಕ್ಕರೆ, ಬಾಯಿ ಮತ್ತು ಸ್ತನದ ತಪಾಸಣೆಯನ್ನು ಅಂಕಿ ತುಂಬಿಸುವ ಕೆಲಸವೆಂದುಕೊಳ್ಳದೆ, ಮಾತ್ರೆ ನಿಲ್ಲಿಸಿದವರು ಯಾರು, ಏಕೆ ನಿಲ್ಲಿಸಿದರು ಎಂದು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಿ. ಇ-ಸಂಜೀವನಿಯಲ್ಲಿ (ಸರ್ಕಾರದ ದೂರ ವೈದ್ಯಕೀಯ ಸಲಹಾ ಸೇವೆಯಲ್ಲಿ) ವೈದ್ಯರೊಡನೆ ಮಾತನಾಡುವಾಗ ಆ ಪುಸ್ತಕ ಮುಂದಿರಲಿ.

1947ರ ನರ್ಸಿಂಗ್ ಮಂಡಳಿ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ನಮ್ಮ ಕೆಲಸದ ವ್ಯಾಪ್ತಿ ಕುರಿತ ನಿಯಮಗಳು ಅದರಡಿ ರೂಪುಗೊಳ್ಳುವಾಗ ಇಂಥ ದಾಖಲೆಗಳನ್ನು ನಮ್ಮ ಸಂಘಗಳು ಮುಂದಿಡಬೇಕು. ವಿರಾಜಪೇಟೆಯ ಸಿಸ್ಟರ್, ತರಬೇತಿಗೆ ಅರ್ಜಿ ಹಾಕುವ ಮೊದಲು ಸೇವಾನಿರತರ ನಿಯೋಜನೆ, ರಜೆ ಮತ್ತು ವೇತನದ ಷರತ್ತುಗಳನ್ನು ಕಚೇರಿಯಿಂದ ಬರಹದಲ್ಲೇ ಪಡೆದುಕೊಳ್ಳಿ.