ಸೊಲ್ಲಾಪುರದ ಹಳೇ ಗಿರಣಿಗಳ ಫೋಟೋ: ತೆಗೆದವರು ಅನುಭವ ಹೇಳ್ರಿ

ಅಕ್ಕಲಕೋಟದಿಂದ (ಕೇಳಿದವರು):
ಎಲ್ಲಾರಿಗೂ ಶರಣು. ಸೊಲ್ಲಾಪುರದ ಹತ್ತಿ ಗಿರಣಿಗಳದು ಏನೇನು ಉಳದದ, ಚಿಮಣಿ, ಗೇಟು, ಶೆಡ್ಡು, ಕಾರ್ಮಿಕರ ಚಾಳ, ಇಷ್ಟೂ ಫೋಟೋ ತೆಗೀಬೇಕಂತ ಮನಸ್ಸದ. 40 ಚಿತ್ರ, 12×16 ಇಂಚಿನ ಪ್ರಿಂಟು, ಮುಂದಿನ ಸಂಕ್ರಾಂತಿಗಿ ಗಡ್ಡಾ ಜಾತ್ರಿ ಹೊತ್ತಿಗಿ ನಮ್ಮೂರ ಶಾಲ್ಯಾಗ ತೂಗು ಹಾಕೋದು. 24 ಮೆಗಾಪಿಕ್ಸೆಲ್ ಎಪಿಎಸ್-ಸಿ (ಸಣ್ಣ ಸೆನ್ಸರಿನ) ಕ್ಯಾಮೆರಾ, 18-55 ಲೆನ್ಸ್ ಅದಾವ. ಕೈಯಾಗ 35,000 ರೂಪಾಯಿ ಅದ. ಅಗಲ ಲೆನ್ಸ್ ತಗೊಳ್ಳೋದೋ, ಟ್ರೈಪಾಡೋ, ಇಲ್ಲಾ ಫಿಲ್ಮಿಗಿ ಹೋಗೋದೋ? ಒಳಗ ಬಿಡು ಅಂತ ಯಾರಿಗಿ ಕೇಳಬೇಕು?

ಮುರಾರ್ಜಿ ಪೇಟ:
ಅಗಲ ಲೆನ್ಸಿನ ಮಾತು ಬಿಡ್ರಿ. ಕ್ಯಾಮೆರಾ ಮೇಲಕ್ಕ ಎತ್ತಿ ಚಿಮಣಿ ತೆಗೆದ್ರ ಅದು ಹಿಂದಕ್ಕ ಬಿದ್ದಂಗ ಕಾಣತದ. ಕಂಪ್ಯೂಟರಿನ್ಯಾಗ ನೆಟ್ಟಗ ಮಾಡಿದ್ರ ತುದಿಯ ಇಟ್ಟಂಗಿ ಎಳಕೊಂಡು ಹಿಗ್ಗತಾವ, ಗೆರಿ ಸಾಫ್ ಉಳಿಯೂದಿಲ್ಲ. ಕ್ಯಾಮೆರಾ ಮಟ್ಟಸ ಇರಬೇಕು, ಕ್ಷಿತಿಜ ಫ್ರೇಮಿನ ನಡಕ್ಕ ಬರಬೇಕು, ಅಷ್ಟೇ ಸೂತ್ರ. ನಿಮ್ಮ ಎಪಿಎಸ್-ಸಿ ಉದ್ದಕ್ಕ ಹಿಡಿದು 18 ಎಂಎಂನ್ಯಾಗ ಇಟ್ರ, ಚಿಮಣಿ ಎತ್ತರದ ಒಂದೂವರಿ ಪಟ್ಟು ದೂರ ನಿಂತ್ರ ತುದಿ ಫ್ರೇಮಿನ್ಯಾಗ ಕೂಡತದ. 60 ಮೀಟರ್ ಚಿಮಣಿ ಅಂದ್ರ 90 ಮೀಟರ್ ದೂರ. ಕೆಳಗಿನ ಅರ್ಧ ಬರೇ ನೆಲ ಬರತದ, ಅದನ್ನ ಕತ್ತರಿಸಿ ಒಗೀರಿ. ಉಳಿಯೂದು 12 ಮೆಗಾಪಿಕ್ಸೆಲ್, ಅಂದ್ರ 4000×3000. ಇಂಚಿಗಿ 240 ಪಿಕ್ಸೆಲ್ ಹಾಕಿದ್ರ 12×16 ಬರೋಬ್ಬರಿ ಆಗತದ.

ನಾ ಮಾತ್ರ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕ 24 ಎಂಎಂ ಶಿಫ್ಟ್ ಲೆನ್ಸ್ (ಕ್ಯಾಮೆರಾ ಮಟ್ಟಸ ಇದ್ದಂಗೇ ಲೆನ್ಸ್ ಅಷ್ಟೇ ಮ್ಯಾಲಕ್ಕ ಸರಿಯೋ ಅಂಥದು) ತಗೊಂಡೆ, ಸೆಕೆಂಡ್ ಹ್ಯಾಂಡ್, 62,000. ತಗೊಂಡದ್ದಕ್ಕ ಹಳಹಳಿ ಇಲ್ಲ. 12 ಎಂಎಂ ಶಿಫ್ಟ್ ಕೊಟ್ರ ಅದೇ ಚಿಮಣಿ 47 ಮೀಟರ್ ದೂರದಿಂದ ಮುಗೀತದ. ಊರಾಗ ಗಿರಣಿ ಸುತ್ತ ಮನಿ ಎದ್ದಾವ, 90 ಮೀಟರ್ ಬೈಲು ಸಿಗೂದು ಕಷ್ಟ.

ಚಿಮಣಿ ಎತ್ತರ ಗೊತ್ತಿಲ್ಲಂದ್ರ ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೀರಿ. ಅದೇ ಹೊತ್ತಿನ್ಯಾಗ ಚಿಮಣಿ ನೆರಳು ಅಳೀರಿ, ಬುಡದ ದಪ್ಪದ ಅರ್ಧ ಕೂಡಿಸ್ರಿ, ಕೋಲಿನ ನೆರಳಿನಿಂದ ಭಾಗಿಸ್ರಿ. ಬೆಳಿಗ್ಗಿ ಎಂಟರ ಒಳಗ ನೆರಳು ಉದ್ದ ಆಗಿ ಮನಿ ಗ್ವಾಡಿ ಹತ್ತತದ, ಹತ್ತರ ಮ್ಯಾಲೆ ಅಳೀರಿ.

ಇನ್ನ ಶೆಡ್ಡು. ಗರಗಸದ ಹಲ್ಲಿನಂಥ ಮಾಡು ನೋಡೀರಲ್ಲ, ಅದರ ಗಾಜು ಉತ್ತರಕ್ಕ ಮುಖ ಮಾಡಿರತಾವ, ನೂಲಿನ ಮ್ಯಾಲೆ ನೇರ ಬಿಸಿಲು ಬೀಳಬಾರದಂತ. ಹಂಗಾಗಿ ಚಳಿಗಾಲದಾಗ ದಿನಾ ಪೂರ್ತಿ ಒಂದೇ ನಮೂನಿ ಮೆತ್ತನ್ನ ಬೆಳಕು. ಸೊಲ್ಲಾಪುರ ಇರೂದು 17.7 ಡಿಗ್ರಿ ಅಕ್ಷಾಂಶದ ಹತ್ತರ. ಮೇ ಎರಡನೇ ವಾರದಿಂದ ಜುಲೈ ಕೊನಿತನಕ ನಡುಮಧ್ಯಾಹ್ನದ ಸೂರ್ಯ ನಮ್ಮ ತಲಿಗಿಂತ ಉತ್ತರಕ್ಕ ಇರತಾನ, ಆಗ ಆ ಗಾಜಿನಿಂದ ಬಿಸಿಲಿನ ಕೋಲು ಒಳಗ ಇಳೀತದ. ಗಾಜು ಓರೆ ಇದ್ರ ಇನ್ನೂ ಮೊದಲೇ ಇಳೀತದ. ಜೂನಿಗಿ ಮೋಡ ಕವಿತಾವ, ಅಂದ್ರ ಕೈಗಿ ಸಿಗೂದು ಮೇ ತಿಂಗಳಿನ ಮೂರು ವಾರ. ಜಾತ್ರಿಗಿ ಪ್ರಿಂಟ್ ಬೇಕಂದ್ರ ಈ ಮೇ ತಪ್ಪಿಸಬ್ಯಾಡ್ರಿ.

ಕರಿಬಿಳಿ ಜತ್:
ಕತ್ತರಿಸಿ ಒಗೆಯೋದು, ಅರ್ಧ ಸೆನ್ಸರ್ ಹಾಳು ಮಾಡೋದು, ಇದೆಲ್ಲಾ ಯಾಕ್ ಬೇಕ್ರಿ? 120 ಫಿಲ್ಮ್ (ಅಗಲ ರೋಲಿನ ಫಿಲ್ಮು) ಹಾಕ್ರಿ. ಕಲ್ಲಿನ ಗೋಡಿ, ಮಸಿ ಹಿಡಿದ ಇಟ್ಟಂಗಿ, ತುಕ್ಕು ಹಿಡಿದ ಗರ್ಡರು, ಇದು ಕಪ್ಪು ಬಿಳುಪಿನ ಕೆಲಸ. ನನ್ನ ಲೆಕ್ಕ ಬರಕೋರಿ: ಎಚ್‌ಪಿ5 (ಕಪ್ಪು ಬಿಳುಪಿನ ಫಿಲ್ಮು) ರೋಲಿಗೆ 950, ರಸಾಯನಕ್ಕ 60, ಒಟ್ಟು 1,010. 6×6 ಸೆಂ.ಮೀ. ಚೌಕದಾಗ 12 ಫ್ರೇಮು, ಅಂದ್ರ ಒಂದು ಫ್ರೇಮಿಗೆ 84 ರೂಪಾಯಿ. 30 ರೋಲಿಗೆ 30,300. ನಿಮ್ಮ ದುಡ್ಡಿನ್ಯಾಗ ಕೂಡತೈತಿ, ಕ್ಯಾಮೆರಾ ಯಾರದರೆ ಎರವಲು ತರ್ರಿ.

ಶೆಡ್ಡಿನ ಒಳಗ ಎಕ್ಸ್‌ಪೋಜರ್ ಉದ್ದ ಆಗತೈತಿ, ಬೆಳಕು ಅಳಿಯೋ ಮೀಟರ್ ಹೇಳಿದ್ದಷ್ಟೇ ಕೊಟ್ರ ನೆಗೆಟಿವ್ ತೆಳ್ಳಗ ಬರತೈತಿ. ಎಚ್‌ಪಿ5ಕ್ಕ ಸೆಕೆಂಡನ್ನ 1.31ರ ಘಾತಕ್ಕ ಏರಿಸಬೇಕು: ಮೀಟರ್ 10 ಸೆಕೆಂಡ್ ಅಂದ್ರ 20 ಕೊಡ್ರಿ. ಸೋವಿ ಅಂತ ಫೋಮಾಪ್ಯಾನ್ 100 ಫಿಲ್ಮು ತಂದ್ರ 10 ಸೆಕೆಂಡಿಗೆ 80 ಬೇಕು. ಅಷ್ಟೊತ್ತಿಗೆ ಪಾರಿವಾಳ ಹಾರಿ ಟ್ರೈಪಾಡಿನ ಮ್ಯಾಲೆ ಕೂಡತಾವ.

ತೊಳೆಯೋದು ಮನಿಯಾಗ. ಲ್ಯಾಬಿಗೆ ಕೊಡಬ್ಯಾಡ್ರಿ. ನನ್ನವು ನಾಕು ರೋಲು, 48 ಫ್ರೇಮು, ಒಂದು ಲ್ಯಾಬಿನವರು ಹಳೇ ಡೆವಲಪರಿನ್ಯಾಗ ಹಾಕಿ ಬೂದಿ ಬಣ್ಣ ಮಾಡಿ ಕೊಟ್ರು. 4,040 ರೂಪಾಯಿ ನೀರಪಾಲು, ಅದ್ರಾಗಿನ ಗೇಟು ಈಗ ಇಲ್ಲ. ಡಿ-76 ಡೆವಲಪರಿಗೆ ಒಂದಕ್ಕ ಒಂದು ನೀರು ಬೆರೆಸಿ 20 ಡಿಗ್ರಿಗೆ 11 ನಿಮಿಷ. ಬ್ಯಾಸಗಿಯಾಗ ಅಟ್ಟದ ಟಾಕಿ ನೀರು 32 ಮುಟ್ಟಿರತೈತಿ, ಬರ್ಫದ ತಾಟಿನ್ಯಾಗ ಬಾಟಲಿ ಇಟ್ಟು 24ಕ್ಕರೆ ಇಳಿಸಿ ಸುಮಾರು 8 ನಿಮಿಷ ಮಾಡ್ರಿ. ಡೆವಲಪರ್, ಫಿಕ್ಸರ್, ತೊಳೆಯೋ ನೀರು ಮೂರೂ ಒಂದೇ ಬಿಸುಪಿನ್ಯಾಗ ಇರಲಿ. ನಳದ ನೀರು ದಿನಾ ಬರದ ಕಡೆ ಹರಿಯೋ ನೀರಿನ್ಯಾಗ ತೊಳೀಲಿಕ್ಕ ಆಗೂದಿಲ್ಲ: ಟ್ಯಾಂಕ್ ತುಂಬಿಸಿ 5 ಸಲ ಮಗುಚ್ರಿ, ಚೆಲ್ರಿ. ತುಂಬಿಸಿ 10 ಸಲ, ಚೆಲ್ರಿ. ತುಂಬಿಸಿ 20 ಸಲ. ಸಾಕು. ಕೊನೇದಕ್ಕ ಡಿಸ್ಟಿಲ್ಡ್ ನೀರು, ಒಂದು ಹನಿ ವೆಟಿಂಗ್ ಏಜೆಂಟ್. ಬೋರಿನ ನೀರು ಹಾಕಿದ್ರ ಸುಣ್ಣದ ಕಲಿ ಕೂಡತಾವ, ಆಮ್ಯಾಲೆ ತಿಕ್ಕಿ ತೆಗೀಲಿಕ್ಕ ಬರೂದಿಲ್ಲ.

ವಿಜಾಪುರ ರೋಡ್:
ಜತ್ತದ ಅಣ್ಣಾವ್ರೆ, ಕೇಳಿದವರ ಹತ್ತಿರ ಡಿಜಿಟಲ್ ಕ್ಯಾಮೆರಾ ಇದೆ. ಅವರ ಪೂರ್ತಿ ದುಡ್ಡನ್ನು ಫಿಲ್ಮಿಗೆ ಹಾಕಿಸಿ ಪ್ರಿಂಟಿಗೆ ಏನು ಉಳಿಸಿದಿರಿ? 40 ಪ್ರಿಂಟು, ಒಂದಕ್ಕೆ 350 ಅಂದರೂ 14,000. ಮೌಂಟ್ ಬೋರ್ಡು ಬೇರೆ. ಇಂಥ ಸಲಹೆಯಿಂದಲೇ ಜನ ಅರ್ಧಕ್ಕೆ ಕೈ ಬಿಡುತ್ತಾರೆ.

ಹಣ ಟ್ರೈಪಾಡಿಗೆ ಹಾಕಿ. ನನ್ನ 2,700ರ ಟ್ರೈಪಾಡಿನ ನಡುಕಂಬ ಗಾಳಿಗೆ ನಡುಗಿ, ಅರ್ಧ ಸೆಕೆಂಡಿನ ಎಲ್ಲ ಫ್ರೇಮೂ ಎರಡೆರಡು ಗೆರೆಯಾಗಿ ಬಂದವು. ಆಮೇಲೆ 9,800 ಕೊಟ್ಟು ಇನ್ನೊಂದು ತಂದೆ. ಒಟ್ಟು 12,500 ಆಯಿತು, ಮೊದಲೇ ಒಳ್ಳೆಯದು ತಂದಿದ್ದರೆ 2,700 ಉಳಿಯುತ್ತಿತ್ತು. ನಡುಕಂಬ ಎತ್ತಬೇಡಿ, ಕೊಕ್ಕೆಗೆ ಬ್ಯಾಗು ತೂಗುಹಾಕಿ, ಬ್ಯಾಗಿನ ತಳ ನೆಲಕ್ಕೆ ತಾಗಲಿ.

ಮಾಡು ಕಿತ್ತ ಶೆಡ್ಡಿನಲ್ಲಿ ನೆರಳಿಗೆ 1 ಸೆಕೆಂಡ್ ಬೇಕಾದರೆ ಆಕಾಶಕ್ಕೆ 1/250 ಬೇಕು, ಎಂಟು ಸ್ಟಾಪಿನ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಅಂತರ. ಐಎಸ್‌ಒ 100, ಎಫ್ 8, ಎರಡು ಸ್ಟಾಪ್ ಅಂತರದಲ್ಲಿ ಐದು ಫ್ರೇಮು ತೆಗೆದರೆ ಎರಡೂ ತುದಿ ಸಿಗುತ್ತವೆ. 200 ಜಾಗಕ್ಕೆ ಐದೈದು, ಒಂದು ರಾ ಫೈಲು (ಕ್ಯಾಮೆರಾದ ಮೂಲ ಕಡತ) 28 ಎಂಬಿ ಅಂದರೆ 28 ಜಿಬಿ. ಮೂರು ಪ್ರತಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸರ್ (ಕೈನಡುಕ ತಡೆಯುವ ಸೌಲಭ್ಯ) ಬಂದ್ ಮಾಡಿ.

ಒಳಗೆ ಹೋಗುವಾಗ ಯಂತ್ರ ಕಿತ್ತ ಜಾಗದ ಗುಂಡಿಗಳನ್ನು ನೋಡಿ ಕಾಲಿಡಿ, ಮೇಲೆ ಹುಲ್ಲು ಬೆಳೆದು ಮುಚ್ಚಿರುತ್ತವೆ. ಕೋಲಿನಿಂದ ಬಡಿದು ಮುಂದೆ ಹೋಗಿ. ಪಾರಿವಾಳದ ಹಿಕ್ಕೆಯ ಪುಡಿ, ಒಡೆದ ಕಲ್ನಾರು ಶೀಟಿನ ಧೂಳು ಎರಡೂ ಶ್ವಾಸಕೋಶಕ್ಕೆ ಕೆಟ್ಟವು. ಹಿಕ್ಕೆಯ ಪುಡಿಗೆ ಎನ್95 ಮಾಸ್ಕು ಇಲ್ಲದೆ ಹೋಗಬೇಡಿ, ಬಟ್ಟೆಯ ಮಾಸ್ಕು ಸಾಲದು. ಕಲ್ನಾರಿನ ಧೂಳಿಗೆ ಎನ್95 ಕೂಡ ಸಾಲದು, ಪಿ100 ಬೇಕು.

ಕರಿಬಿಳಿ ಜತ್:
ಐದು ಫ್ರೇಮು ಬೆಸೆದ ಚಿತ್ರದಾಗ ನೆರಳಿಗೆ ನೆರಳಿನ ಕಿಮ್ಮತ್ತು ಉಳಿಯೂದಿಲ್ಲ, ಎಲ್ಲಾ ಒಂದೇ ಬೂದಿ ಆಗತೈತಿ. ಗಾಳಿಗೆ ಅಲ್ಲಾಡಿದ ಗಿಡದ ಎಲಿ ಐದೈದು ಬರತಾವ. ಫಿಲ್ಮು ತೆಗೆದವರು ಕೆಲಸ ಅರ್ಧಕ್ಕ ಬಿಡತಾರ ಅನ್ನೋ ಮಾತು ವಾಪಸ್ ತಗೋರಿ. ಮೂವತ್ತು ರೋಲು ತೊಳದೇನಿ, ಎಲ್ಲಾ ನೆಗೆಟಿವ್ ಕವರಿನ್ಯಾಗ ನಂಬರ ಹಾಕಿ ಇಟ್ಟೇನಿ.

ವಿಜಾಪುರ ರೋಡ್:
ವಾಪಸ್ ತಗೊಳ್ಳುವುದಿಲ್ಲ. ಗಿಡ ಅಲ್ಲಾಡುವ ಜಾಗಕ್ಕೆ ಒಂದೇ ಫ್ರೇಮಿನ ತುಂಡು ಹಚ್ಚಿದರೆ ಮುಗಿಯಿತು. ನೆರಳು ಎಷ್ಟು ಕಪ್ಪು ಇಡಬೇಕು ಅನ್ನುವುದು ಮಾಡುವವನ ಕೈಯಲ್ಲಿದೆ, ಸಾಧನದಲ್ಲಿ ಇಲ್ಲ.

ಲಾಳಿ:
ಮೂರೂ ಮಂದಿ ಸತ್ತ ಗೋಡಿ ಬಗ್ಗೆನೇ ಮಾತಾಡ್ಲಿಕತ್ತೀರಿ. ನಮ್ಮ ಮನ್ಯಾಗ ಇವತ್ತಿಗೂ ಮಗ್ಗ ನಡೀತಾವ. ಸೊಲ್ಲಾಪುರಿ ಚಾದರಕ್ಕ ಜಿಐ ಗುರುತು (ಇದು ಇದೇ ಊರಿನ ಮಾಲು ಅನ್ನೋ ಸರ್ಕಾರಿ ಗುರುತು) ಅದ, ನೇಯೋ ಮಂದಿ ಇದ್ದಾರ. ಬರೇ ಪಾಳು ಗೋಡಿ ತೋರಿಸಿದ್ರ ಶಾಲಿ ಹುಡುಗರು ಈ ಊರು ಮುಗದೇ ಹೋಗ್ಯದ ಅಂತ ತಿಳಕೋತಾರ, ನಮಗ ಅದು ಬ್ಯಾಡ. 40ರಾಗ 15 ಆದರೂ ಮಗ್ಗದ್ದು ಇರಲಿ.

ಮಗ್ಗದ ಶೆಡ್ಡಿನ್ಯಾಗ ತಪ್ಪೋದು ನಾಕು. ಒಂದು, ಟ್ಯೂಬಲೈಟು. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗಿ 100 ಸಲ ಮಿಣಕತದ. 1/50 ಇಲ್ಲಾ 1/100 ಬಿಟ್ಟು 1/320, 1/500ಕ್ಕ ಹೋದ್ರ ಫೋಟೋದಾಗ ಅಡ್ಡ ಪಟ್ಟಿ ಬೀಳತಾವ. ಎರಡು, ಅಡ್ಡ ಎಳಿ ಒಯ್ಯೋ ಲಾಳಿ. ಮಗ್ಗ ನಿಮಿಷಕ್ಕ 150 ಹೊಕ್ಕು (ಅಡ್ಡ ಎಳಿ) ಹೊಡದ್ರ ಒಂದು ಹೊಕ್ಕಿಗಿ 0.4 ಸೆಕೆಂಡ್, ಲಾಳಿ ಓಡೋದು ಅದರ ಮೂರರಾಗ ಒಂದು ಪಾಲು. 1/8 ಇಟ್ರ ಲಾಳಿ ಈ ಕಡಿಂದ ಆ ಕಡಿತನಕ ಒಂದೇ ಗೆರಿ ಆಗಿ ಬರತದ, ಎಳಿ ಬಡಿಯೋ ಫಣಿ ಮಸುಕಾಗತದ, ನೇಕಾರನ ಮುಖ ಚೊಕ್ಕ ನಿಲ್ಲತದ. ಹತ್ತು ತೆಗೆದ್ರ ಎರಡು ಛಲೋ ಬರತಾವ. ಮೂರು, ನೆಲ. ಮಗ್ಗ ನಡೆಯೋ ನೆಲ ನಡಗತದ, ಟ್ರೈಪಾಡ್ ಇಟ್ರ ಅದೂ ನಡಗತದ. ಗೋಡಿಗಿ ಒರಗಬ್ಯಾಡ್ರಿ, ಗೋಡಿನೂ ನಡಗತದ. ಕೈಯಾಗ ಹಿಡೀರಿ, ಮೊಣಕೈ ಎದಿಗಿ ಒತ್ತಿ, ಸ್ಟೆಬಿಲೈಸರ್ ಚಾಲೂ ಇಟ್ಟು. ನಾಕು, ಹತ್ತಿಯ ನವಿರು. ಒಳಗ ಲೆನ್ಸ್ ಬದಲಿಸಬ್ಯಾಡ್ರಿ. ಒಂದು ಸಲ ಬದಲಿಸಿದ್ದಕ್ಕ ಸೆನ್ಸರ್ ಒರೆಸಲಿಕ್ಕ 1,200 ಹೋಗ್ಯದ.

ಮಗ್ಗದ ಮ್ಯಾಲಿನ ಜಕಾರ್ಡ್ (ನಕ್ಷಿ ಮೂಡಿಸೋ ಯಂತ್ರ) ನೋಡ್ರಿ. ತೂತು ಹೊಡದ ರಟ್ಟುಗಳ ಮಾಲಿ ದಾರದಾಗ ಹೊಲದು ತೂಗು ಬಿಟ್ಟಿರತಾರ, ಹೂವಿನ ನಕ್ಷಿ ಪೂರಾ ಆ ತೂತಿನ್ಯಾಗ ಅದ. ರಟ್ಟಿನ ಅಂಚು ಎಣ್ಣಿ ಹತ್ತಿ ಕಪ್ಪಾಗಿ ಬೆರಳಿನ ಗುರುತು ಮೂಡಿರತಾವ. ಬಾಗಿಲ ಕಡಿಂದ ಓರೆ ಬೆಳಕು ಬಿದ್ದಾಗ ತೆಗೀರಿ. ಕಂಡಿಕಿ (ಲಾಳಿಯೊಳಗಿನ ನೂಲಿನ ಸುರುಳಿ) ಬದಲಿಸೋ ಹೊತ್ತಿನ್ಯಾಗ ಮಗ್ಗ ನಿಲ್ಲತದ, ಆವಾಗ ಮಾತಾಡಿಸಿ ಒಪ್ಪಿಗಿ ಕೇಳ್ರಿ. ನಡಿಯೋ ಮಗ್ಗದ ಮುಂದ ನಿಂತು ಮಾತಾಡಿಸಿದ್ರ ಎಳಿ ಹರದದ್ದು ಅವರಿಗಿ ಕಾಣೂದಿಲ್ಲ, ಕೂಲಿ ಹೋಗತದ.

ಮಂಜೇಶ್ವರ:
ನಮ್ಮಲ್ಲಿ ಕರಾವಳಿಯ ಹಂಚಿನ ಕಾರ್ಖಾನೆಗಳದ್ದೂ ಇದೇ ಕಥೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚು ಮಾಡಲು ಸುರು ಮಾಡಿದ್ದು, ಆಮೇಲೆ ಹೊಳೆಬದಿಯಲ್ಲೆಲ್ಲ ಕಾರ್ಖಾನೆ ಬಂತು. ನಮಗೆ ದೊಡ್ಡ ಶತ್ರು ಫಂಗಸ್. ಮಳೆಗಾಲದಲ್ಲಿ ಎರಡು ಲೆನ್ಸ್ ಹಾಳಾಗಿ ಬಿಚ್ಚಿ ತೊಳೆಸಲು 5,600 ಆಗಿದೆ. ಏರ್‌ಟೈಟ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ಮೀಟರು ಶೇಕಡಾ 45ರ ಹತ್ತಿರ ನಿಲ್ಲಬೇಕು. ಜೆಲ್ಲಿನ ಬಣ್ಣ ತಿರುಗಿದ ಕೂಡಲೇ ಒಲೆಯ ಮೇಲೆ ಹುರಿದು ಪುನಃ ಹಾಕುವುದು.

ಮುರಾರ್ಜಿ ಪೇಟ:
ಮಂಜೇಶ್ವರದವರು ತಪ್ಪು ತಿಳೀಬ್ಯಾಡ್ರಿ, ಇಲ್ಲಿ ಕೇಳಿದ್ದು ಸೊಲ್ಲಾಪುರದ್ದು. ನಮಗ ಧೂಳು ಮುಖ್ಯ. ಲಾಳಿ ಅವರ ಮಾತಿಗಿ ಉತ್ತರ ಕೊಡಲೇಬೇಕು: ಮಗ್ಗ ಬ್ಯಾರೆ, ಗಿರಣಿ ಬ್ಯಾರೆ. ಗಿರಣಿಯಾಗ ನೂಲೋದು, ನೇಯೋದು, ಬಣ್ಣ, ಎಲ್ಲಾ ಒಂದೇ ಆವಾರದಾಗ. ಗಿರಣಿಯ ಭೋಂಗಾದ (ಸೈರನ್) ಹೊತ್ತಿಗಿ ಊರು ನಡೀತಿತ್ತು. ಅದು ಹೋದದ್ದು ಖರೇ, ತೋರಿಸಿದ್ರ ಯಾರಿಗೂ ಅಪಮಾನ ಇಲ್ಲ.

ಲಾಳಿ:
ಗಿರಣಿ ಬಂದ್ ಆದ ಮ್ಯಾಲೆ ಆ ಕೈಗಳು ಎಲ್ಲಿಗಿ ಹೋದವು? ಮಗ್ಗಕ್ಕೇ ಬಂದವು. ಬ್ಯಾರೆ ಅನ್ನಲಿಕ್ಕ ಹೆಂಗ ಬರತದ?

ಕಾಯದಾ ಓದಿದವ:
ಫೋಟೋ ಕೆಳಗೆ ಬರೆಯುವ ಮಾತಿನಲ್ಲೇ ಎಲ್ಲರೂ ತಪ್ಪುತ್ತಾರೆ, ಅದನ್ನು ಹೇಳುವೆ. ಜುನಿ ಮಿಲ್ ಅಂದರೆ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ, ಸುರುವಾದದ್ದು 1877ರಲ್ಲಿ. 1949ರಲ್ಲಿ ಆಡಳಿತ ಮಂಡಳಿ ಬಾಗಿಲು ಹಾಕಿತು. 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಆಡಳಿತ ಕೈಗೆ ತಗೊಂಡಿತು, ಆಮೇಲೆ ಅದೇ ಕಾಯದೆ ಆಯಿತು. ಷೇರುದಾರ ಚಿರಂಜಿತ್‌ಲಾಲ್ ಚೌಧರಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣ 1950ರದ್ದು, ದ್ವಾರಕಾದಾಸ್ ಶ್ರೀನಿವಾಸ್ ಪ್ರಕರಣದ ತೀರ್ಪು ಬಂದದ್ದು ಸಂವಿಧಾನ ಜಾರಿಯಾದ ಮೊದಲ ದಶಕದಲ್ಲೇ. ಕಾಯದಾ ಓದುವ ಹುಡುಗರು ದೇಶದ ತುಂಬ ಇವತ್ತಿಗೂ ಓದುವುದು ಈ ಗಿರಣಿಯ ಹೆಸರನ್ನು. ಹಾಗಾಗಿ "1949ಕ್ಕೆ ಮುಗಿಯಿತು" ಎಂದು ಬರೆಯಬೇಡಿ, ಅದು ಒಂದು ಸಲದ ಬಂದ್ ಅಷ್ಟೇ. ಇನ್ನೊಂದು: 2023ರ ಜೂನಿನಲ್ಲಿ ಉರುಳಿಸಿದ್ದು ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿ, ಹೊಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಅಡ್ಡ ಎಂಬ ಕಾರಣಕ್ಕೆ. ಅದು ಹತ್ತಿ ಗಿರಣಿಯದ್ದಲ್ಲ. ಆ ಚಿತ್ರವನ್ನು ಇದರೊಳಗೆ ಸೇರಿಸಬೇಡಿ.

ಅಂದ ಹಾಗೆ ಆ ವಿಮಾನ ನಿಲ್ದಾಣದ ಕಾರಣಕ್ಕೇ ಡ್ರೋನ್ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ವಲಯದ ಬಣ್ಣ ನೋಡಿಕೊಳ್ಳಿ.

ಒಪ್ಪಿಗೆಗೆ: ಊರೊಳಗಿನ ಜಾಗಕ್ಕೆ ಸಾತ್‌ಬಾರಾ ಉತಾರಾ (ಹೊಲದ ಪಹಣಿ) ಹುಡುಕಿ ದಿನ ಕಳೆಯಬೇಡಿ, ಸಿಟಿ ಸರ್ವೇ ಆಫೀಸಿನ ಪ್ರಾಪರ್ಟಿ ಕಾರ್ಡ್ ತೆಗೆಸಿ. ಒಂದೇ ಆವಾರದಲ್ಲಿ ಹಲವು ಸರ್ವೇ ನಂಬರ್ ಇರುತ್ತವೆ, ಗೇಟು ಒಬ್ಬರದ್ದು, ಶೆಡ್ಡು ಇನ್ನೊಬ್ಬರದ್ದು. ಹೆಸರು ಸಿಕ್ಕ ಮೇಲೆ ಮರಾಠಿಯಲ್ಲಿ ಅರ್ಜಿ: ದಿನ, ಹೊತ್ತು, ಎಷ್ಟು ಮಂದಿ, ಟ್ರೈಪಾಡ್ ಇದೆ, ಮಾರಾಟಕ್ಕಲ್ಲ, ಅಪಾಯವಾದರೆ ಜವಾಬ್ದಾರಿ ನಮ್ಮದು. ಎರಡನೇ ಪ್ರತಿಯ ಮೇಲೆ ಪೋಚ್ (ಅರ್ಜಿ ಮುಟ್ಟಿದ ಗುರುತು) ಹಾಕಿಸಿಕೊಳ್ಳಿ. ಕಾವಲುಗಾರನಿಗೆ ದುಡ್ಡು ಕೊಟ್ಟು ಒಳಗೆ ಹೋದರೆ ಸಿಕ್ಕಿಬಿದ್ದಾಗ ಅವನ ಕೆಲಸ ಹೋಗುತ್ತದೆ.

ಕರಿಬಿಳಿ ಜತ್:
ಕ್ಯಾಪ್ಶನ್ ಕನ್ನಡದಾಗೇ ಇರಲಿ. ನಮ್ಮ ಗಡಿ ಶಾಲಿಯಾಗರೆ ಕನ್ನಡ ಇರಬೇಕು.

ಲಾಳಿ:
ನೇಕಾರರ ಮನ್ಯಾಗ ತೆಲುಗು ಆಡತಾರ, ಪ್ಯಾಟ್ಯಾಗ ಮರಾಠಿ, ಸಂತ್ಯಾಗ ಕನ್ನಡ. ಕನ್ನಡದ ಕೆಳಗ ಮರಾಠಿನೂ ಹಾಕ್ರಿ, ಫೋಟೋದಾಗ ಇರೋರಿಗೇ ಓದಲಿಕ್ಕ ಬರದಿದ್ರ ತಪ್ಪಾಗತದ.

ಅಕ್ಕಲಕೋಟದಿಂದ (ಕೇಳಿದವರು):
ಎಲ್ಲಾರಿಗೂ ಧನ್ಯವಾದ. ಟ್ರೈಪಾಡ್ 9,800, ಪ್ರಿಂಟ್ 14,000 ಅಂತ ತೆಗದಿಟ್ಟೀನಿ. ಸಿಟಿ ಸರ್ವೇ ಆಫೀಸಿಗಿ ಸೋಮವಾರ ಹೋಗತೀನಿ. ಲಾಳಿ ಅಕ್ಕಾರ, ನಿಮ್ಮ ಶೆಡ್ಡಿಗಿ ಮುಂಜಾನಿ ಎಷ್ಟಕ್ಕ ಬಂದ್ರ ಬಾಗಿಲ ಬೆಳಕು ಸಿಗತದ?

ಲಾಳಿ:
ಏಳೂವರಿಗಿ ಬರ್ರಿ. ಎಂಟೂವರಿಗಿ ಎದುರು ಮನಿ ನೆರಳು ಬಾಗಿಲಿಗಿ ಬರತದ. ಲೆನ್ಸ್ ಹೊರಗೇ ಹಚ್ಚಿಕೊಂಡು ಬರ್ರಿ.